ಅರ್ಧರ್ಧ ಪೊಟ್ಟಣ

ಮಾರ್ಚ್ ೧೨, ಗುರುವಾರ

ಸಂಜೆಯಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ನಮ್ಮ ಅಪೌಷ್ಟಿಕ ಮಕ್ಕಳ ವಾರ್ಡಿನಲ್ಲಿ ಎಲ್ಲರಿಗೂ ಹಾಲಿನ ಆಹಾರ ಒಂದೇ. ಅರ್ಧ ಮಕ್ಕಳಿಗೆ ಮಾತ್ರ ಜೊತೆಗೆ ಅಮೈನೊ ಆಮ್ಲದ ಪುಡಿ. ಸವೆದ ಕರುಳು ಅದರಿಂದ ಪ್ರೋಟೀನು ಕಟ್ಟಿಕೊಂಡು ಬೇಗ ಚೇತರಿಸುತ್ತದೆಯೇ ಎಂಬುದು ಪ್ರಯೋಗ. ದಿನವೂ ಪಟ್ಟಿಯಲ್ಲಿ ತೂಕ, ಪುಡಿಯ ಪ್ರಮಾಣ ಬರೆಯುವುದು ನರ್ಸ್ ಆದ ನನ್ನ ಕೆಲಸ.

ಮೂರನೇ ಮಂಚದ ಮಗುವಿಗೆ ಪುಡಿ ಇದೆ, ನಾಲ್ಕನೆಯದಕ್ಕಿಲ್ಲ. ಆದರೂ ಎರಡು ವಾರದಿಂದ ಇಬ್ಬರ ತೂಕವೂ ಒಂದೇ ಸಮ ಏರುತ್ತಿದೆ. ಇವತ್ತು ಮಧ್ಯಾಹ್ನ ನೋಡಿದರೆ, ಮೂರನೆಯದರ ತಾಯಿ ಪೊಟ್ಟಣ ಹರಿದು ಎರಡು ಲೋಟಕ್ಕೂ ಸುರಿಯುತ್ತಿದ್ದಾಳೆ.

“ಏನಮ್ಮಾ ಇದು?”

“ಪಕ್ಕದ ಮಗು ಬಾಯಿ ನೋಡ್ತಾ ಇರತ್ತೆ ಅಕ್ಕಾ. ನಮ್ಮದಕ್ಕೊಂದೇ ಕುಡಿಸೋಕೆ ಕೈ ಬರತ್ತಾ? ನಿಮಗಾದ್ರೆ ಬರ್ತಿತ್ತಾ?”

ಡಾಕ್ಟರಿಗೆ ಹೇಳಿದರೆ ಎರಡೂ ಮಕ್ಕಳು ಪ್ರಯೋಗದಿಂದ ಹೊರಗೆ, ಪುಡಿಯೂ ಬಂದ್. ಹೇಳದಿದ್ದರೆ ಪ್ರಯೋಗವೇ ಸುಳ್ಳು. ಆ ಕರುಳುಗಳಿಗೆ ಅರ್ಧ ಪೊಟ್ಟಣವೇ ಸಾಕಾಯಿತೋ, ಹಾಲೇ ಎಲ್ಲ ಮಾಡಿತೋ, ನನಗಂತೂ ತಿಳಿಯುತ್ತಿಲ್ಲ.

ಹೊರಡುವ ಮುಂಚೆ ಪಟ್ಟಿಯಲ್ಲಿ ಪುಡಿಯ ಪ್ರಮಾಣದ ಜಾಗದಲ್ಲಿ ಇಬ್ಬರಿಗೂ ‘ಅರ್ಧ’ ಎಂದು ಬರೆದು ಬಂದೆ. ನಿಜ ಅಷ್ಟೇ. ನಾಳೆ ಎಂಟಕ್ಕೆ ಡಾಕ್ಟರು ಅದನ್ನು ಓದುತ್ತಾರೆ. ಆಮೇಲೆ ಆ ತಾಯಿ ಪೊಟ್ಟಣ ಕೇಳಿದರೆ ನಾನು ಯಾವ ಮುಖ ಇಟ್ಟುಕೊಂಡು ಇಲ್ಲ ಎನ್ನಲಿ?