ಕತ್ತುನೋವಿಗೆ ಸಾಕ್ಷಿ

ಅಂಗಡಿಯಿಂದ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕತ್ತಿನ ನೋವು ಇಳಿಯಿತಾ? ದೊಡ್ಡಮ್ಮ ಕೊಡುವ ಎತ್ತರದ ದಿಂಬು ಬೇಡ, ಮಡಚಿದ ಟವೆಲ್ ಸಾಕು. ಒಂದೇ ಭುಜಕ್ಕೆ ಚೀಲ ನೇತುಹಾಕಬೇಡ, ಫೋನನ್ನು ಕಣ್ಣೆತ್ತರಕ್ಕೆ ಹಿಡಿದು ನೋಡು. ಶುರುವಾಯಿತು ಅಣ್ಣನ ಪುರಾಣ ಎಂದು ಗೊಣಗುತ್ತಿರುತ್ತೀಯ. ಇಪ್ಪತ್ತೆರಡು ವರ್ಷದಿಂದ ಕ್ಷೌರ ಮುಗಿಸಿ ಗಿರಾಕಿಗಳ ಕತ್ತಿನ ಲಟಿಕೆ ತೆಗೆದವನು ನಾನು. ಬಗ್ಗಿ ಕೂತು ಗಡಿಯಾರ ರಿಪೇರಿ ಮಾಡುವವನ ಕತ್ತು ಯಾವುದು, ಲಾರಿ ಡ್ರೈವರನ ಕತ್ತು ಯಾವುದು, ಕಣ್ಣು ಮುಚ್ಚಿ ಮುಟ್ಟಿದರೂ ಹೇಳಬಲ್ಲೆ. ಹಾಗಂತ ಜಂಬ ಕೊಚ್ಚಿಕೊಂಡೇ ಕೆಟ್ಟೆ. ನೀನು ಗಂಡನ ಮನೆ ಬಿಟ್ಟು ಎರಡು ತಿಂಗಳಾಯಿತು. ಒಡಹುಟ್ಟಿದ ಅಣ್ಣನ ಮನೆಗೆ ಬಾರದೆ ದೊಡ್ಡಮ್ಮನ ಮನೆಗೆ ಹೋದಳಲ್ಲ ಎಂದು ನನಗೆ ಸಿಟ್ಟಿತ್ತು.

ನಿನ್ನೆ ಬೆಳಿಗ್ಗೆ ನಿನ್ನ ಗಂಡ ಅಂಗಡಿಗೆ ಬಂದ. ಶುಕ್ರವಾರ ಕೋರ್ಟಿನಲ್ಲಿ ನೀನು ಅವನ ಮೇಲೆ ಹಾಕಿದ ಕೇಸು ಇಟ್ಟುಕೊಂಡು ಅವನು ಸುಮ್ಮನೆ ಬರುವವನಲ್ಲ. ಬೆಂಚಿನ ಮೇಲೆ ಗಡಿಯಾರದವನೂ ಮೇಷ್ಟ್ರೂ ಕಾಯುತ್ತಿದ್ದರು. ಅವರನ್ನು ದಾಟಿ ಕುರ್ಚಿಯಲ್ಲಿ ಕೂತು, ಕತ್ತು ನೋವು, ಸರಿಮಾಡು ಭಾವ ಎಂದ. ಮಾತು ಬೆಣ್ಣೆ. ನಾನು ಅವನ ಕಡೆ ಸಾಕ್ಷಿ ಹೇಳಬೇಕಂತೆ. ನಿನ್ನ ಕತ್ತುನೋವು ಹಳೆಯದು, ದಿನವಿಡೀ ಹೊಲಿಗೆ ಮೆಷಿನ್ನಿನ ಮೇಲೆ ಬಗ್ಗಿ ಬಂದದ್ದು, ನಾನೇ ಮೂರು ಸಲ ಲಟಿಕೆ ತೆಗೆದು ಕಳಿಸಿದ್ದೇನೆ ಎನ್ನಬೇಕಂತೆ. ಮೆಷಿನ್ನಿನ ನೋವು ಎಂದವನು ನಾನೇ ಅಲ್ಲವೇ ಎಂದು ನೆನಪಿಸಿದ.

ನಾನು ಒಂದು ಕೈ ಗದ್ದಕ್ಕೆ, ಇನ್ನೊಂದು ತಲೆಯ ಹಿಂದಕ್ಕೆ ಕೊಟ್ಟು ಕತ್ತು ತಿರುಗಿಸತೊಡಗಿದೆ. ಆಗ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಹೇಳಿದ: "ಅವಳ ಕತ್ತು ಗಟ್ಟಿ ಬಿಡು ಭಾವ. ಎಷ್ಟು ಬಗ್ಗಿಸಿದ್ರೂ ಮುರೀಲಿಲ್ಲ."

ಮೈಯೆಲ್ಲ ಉರಿದುಹೋಯಿತು. ಲಟಿಕೆ ಬೀಳುವ ಜಾಗ ದಾಟಿಸಿ ಬೆರಳಷ್ಟು ಆಚೆಗೆ ತಿರುಗಿಸಿ ಹಾಗೇ ಹಿಡಿದೆ. ಅವನ ಮುಖ ಕೆಂಪೇರಿತು, ಕಾಲು ಒದ್ದಾಡಿ ನೀರಿನ ಬಟ್ಟಲು ಉರುಳಿತು. ಇನ್ನೊಂದು ಬೆರಳಷ್ಟು ತಿರುಗಿಸಿದ್ದರೆ ಅವನ ಕಥೆ ಮುಗಿಯುತ್ತಿತ್ತು. ತಿರುಗಿಸಬೇಕೆಂದೇ ಇದ್ದೆ, ನಿನಗೆ ಸುಳ್ಳು ಹೇಳುವುದಿಲ್ಲ. ಮೇಷ್ಟ್ರು ಮಾತ್ರ ಎದ್ದು ಬಂದು, "ಬಿಡೋ. ನೀನು ಜೈಲಿಗೆ ಹೋದ್ರೆ ನಿನ್ನ ತಂಗಿಗೆ ಯಾರು ದಿಕ್ಕು?" ಎಂದರು. ಬಿಟ್ಟೆ.

ಬಿಟ್ಟದ್ದೇ ತಡ, ಅವನು ಎದ್ದು ನನ್ನ ಹಿಂಗತ್ತು ಹಿಡಿದು ಮುಖವನ್ನು ಕನ್ನಡಿಗೆ ಗುದ್ದಿದ. ಒಂದಲ್ಲ, ಮೂರು ಸಲ. ಗಾಜು ಪುಡಿಪುಡಿಯಾಯಿತು, ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಗಡಿಯಾರದವನು ಬೆಂಚೆತ್ತಿ ಅವನ ಮೊಣಕಾಲಿಗೆ ಬಾರಿಸಿದ ಮೇಲೆಯೇ ಆ ಕೈ ಸಡಿಲವಾದದ್ದು. ಅಬ್ಬಾ, ಗಡಿಯಾರದವನ ಆ ಬಡಕಲು ಮೈಯಲ್ಲಿ ಅಷ್ಟು ಕಸುವಿದೆಯೆಂದು ಯಾರಿಗೆ ಗೊತ್ತಿತ್ತು! ಈಗ ನನಗೆ ಹುಬ್ಬಿಗೆ ಆರು ಹೊಲಿಗೆ, ಕತ್ತಿಗೆ ಪಟ್ಟಿ. ಪಟ್ಟಿ ಕಟ್ಟಿದ್ದಾಯಿತು, ಇನ್ನು ಬೊಗಳುವುದೊಂದೇ ಬಾಕಿ ಎನ್ನುತ್ತಾಳೆ ನಿನ್ನ ಅತ್ತಿಗೆ. ಹೇಳಿ ತಾನೇ ಅಳುತ್ತಾಳೆ. ದಿಂಬು ಹೆಚ್ಚುಕಮ್ಮಿಯಾಯಿತಾ, ಭಾರ ಎತ್ತಿದಿರಾ, ಬಿದ್ದಿರಾ ಎಂದು ಡಾಕ್ಟರು ಕೇಳಿದರು. ತಂಗಿಯ ಗಂಡ ಎಂದೆ. ಬರೆದುಕೊಂಡರು.

ದೊಡ್ಡಮ್ಮನಿಗೆ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ತಲೆ ಎತ್ತಿಕೊಂಡು ಬಾಳು.

ನಿನ್ನ ಅಣ್ಣ

ತಾ. ಕ.: ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಈ ಕಾಗದ ಒಯ್ಯಲು ಗಡಿಯಾರದವನು ನಿಮ್ಮ ಕಡೆ ಹೊರಟು ನಿಂತಿದ್ದಾನೆ, ಬೇಗಬೇಗ ಬರೆಯುತ್ತಿದ್ದೇನೆ. ಮೂರನೇ ಸಲ ನೀನು ಬಂದಾಗ ಕೂದಲು ಸರಿಸಿದರೆ ಕತ್ತಿನ ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಒಂದು ನೀಲಿ ಗುರುತು ಇದ್ದವು. ಯಾವ ಮೆಷಿನ್ನೂ ಹಾಗೆ ಗುರುತು ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು ಪುಟ್ಟೀ. ಆದರೂ ಏನೆಂದು ಕೇಳದೆ, ಮೇಲೆ ಪೌಡರ್ ಹಚ್ಚಿ, ಸ್ಟೂಲು ಎತ್ತರಿಸಿಕೋ ಎಂದು ಬುದ್ಧಿ ಹೇಳಿ ಅವನ ಮನೆಗೇ ಕಳಿಸಿದೆ. ನಿನ್ನೆ ಅವೇ ಐದು ಬೆರಳು ಅದೇ ಜಾಗದಲ್ಲಿ ನನ್ನ ಕತ್ತಿನ ಮೇಲೆ ಕೂತವು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನಿನ್ನ ವಕೀಲರಿಗೆ ಹೇಳಿದ್ದೇನೆ, ಶುಕ್ರವಾರ ಸಾಕ್ಷಿ ನಾನೇ. ಕಂಡದ್ದನ್ನು ಹೇಳುತ್ತೇನೆ, ಪೌಡರ್ ಹಚ್ಚಿದ್ದನ್ನೂ ಹೇಳುತ್ತೇನೆ. ನನ್ನ ಮನೆಗೆ ಯಾಕೆ ಬರಲಿಲ್ಲ ಎಂದು ಇನ್ನು ಕೇಳುವುದಿಲ್ಲ. ನನ್ನ ಪಕ್ಕ ಕೂರಲು ಮನಸ್ಸಾಗದಿದ್ದರೆ ಬೇರೆ ಬೆಂಚಿನಲ್ಲಿ ಕೂರು. ಆದರೆ ಬಾ.