ಸಹಿ ಮಾಡಿಟ್ಟ ಹಾಳೆಗಳು

ಏಪ್ರಿಲ್ 28, ಸೋಮವಾರ

ಮತ್ತೆ ಮಧ್ಯಾಹ್ನದ ಡ್ಯೂಟಿ. ಎರಡಕ್ಕೆ ಹೋದೆ. ಟ್ರೇ ಜೋಡಿಸಿದೆ, ಬಿಪಿ ನೋಡಿದೆ, ಡ್ರಾಯರ್‌ನಿಂದ ಹಾಳೆ ತೆಗೆದೆ. ಡಾಕ್ಟರ್ ಸಾಹೇಬರು ಎಂದಿನಂತೆ ಕೇಸ್ ಶೀಟ್‌ಗಳಿಗೆ ಮೊದಲೇ ಸಹಿ ಮಾಡಿಟ್ಟು ಸುರಪುರದ ಕ್ಲಿನಿಕ್ಕಿಗೆ ಹೋಗಿದ್ದರು. ಮೇಲೆ ಖಾಲಿ, ಕೆಳಗೆ ಸಹಿ. ತುಂಬುವವರು ನಾವು. 'ಸಂಜೆ 6:30, ಡಾಕ್ಟರ್ ನೋಡಿದರು. ರೋಗಿ ಆರಾಮ. ಇದೇ ಔಷಧಿ.' ಎರಡು ವರ್ಷದಿಂದ ಬರೆಯುತ್ತಿದ್ದೇನೆ, ಅದೂ ಇಂಗ್ಲಿಷಿನಲ್ಲಿ, ಚಂದದ ಅಕ್ಷರದಲ್ಲಿ. ಸೇರಿದ ವಾರ ಕುಬ್ರಾ ಆಪಾನನ್ನು ಕೇಳಿದ್ದೆ, ಇದು ತಪ್ಪಲ್ಲವೇ ಅಂತ.

"ಇಲ್ಲಿ ಹಿಂಗ ನಡೀತದ ನೋಡವಾ. ನೀ ಹೊಸಾಕಿ ಅದಿ. ಸುಮ್ಮ ಬರಿ" ಅಂದರು.

ಆಪಾ ಈ ಆಸ್ಪತ್ರೆಗೆ ಆಯಾ ಆಗಿ ಬಂದು ಹತ್ತೊಂಬತ್ತು ವರ್ಷ. ಯಾವ ಕೋರ್ಸೂ ಮಾಡಿಲ್ಲ, ನೋಡಿ ನೋಡಿ ಕಲಿತವರು. ಜಿಎನ್‌ಎಂ ನರ್ಸಿಂಗ್ ಪಾಸಾದ ನನಗಿಂತ ಅವರ ಕೈ ಚುರುಕು. ನರ ಸಿಗದ ಕೂಸಿಗೂ ಒಂದೇ ಸಲಕ್ಕೆ ಸೂಜಿ ಹಾಕುತ್ತಾರೆ. ನನಗೆ ಹಾಗೆ ಯಾವ ಕಾಲಕ್ಕೆ ಬರುತ್ತದೋ.

ಹೈದರಾಬಾದಿನ ಆಸ್ಪತ್ರೆಯಿಂದ ಮೇಲ್ ಬಂದಿದೆ! ಸೆಲೆಕ್ಟ್ ಆಗಿದ್ದೇನೆ. ಐಸಿಯು. ಮೇ 20ಕ್ಕೆ ಜಾಯಿನಿಂಗ್, ಒರಿಜಿನಲ್ ಸರ್ಟಿಫಿಕೇಟ್ ತರಲೇಬೇಕು.

ಒರಿಜಿನಲ್ ಎಲ್ಲಿವೆ? ಸಾಹೇಬರ ಕಬ್ಬಿಣದ ಅಲಮಾರಿಯಲ್ಲಿ. ಸೇರಿದ ದಿನ ಇಟ್ಟುಕೊಂಡವರು ಇನ್ನೂ ಕೊಟ್ಟಿಲ್ಲ.

ಏಪ್ರಿಲ್ 30

ಸುರಪುರದ ಸರ್ಕಾರಿ ಆಸ್ಪತ್ರೆಯ ಕಾಂಟ್ರಾಕ್ಟ್ ಲಿಸ್ಟಿನಲ್ಲೂ ಹೆಸರಿದೆ. ಬೇಕು ಅಂದಾಗ ಒಂದೂ ಬರುವುದಿಲ್ಲ, ಬಂದರೆ ಎರಡೂ ಒಟ್ಟಿಗೆ!

ಸುರಪುರ ಅಂದರೆ ನಮ್ಮೂರು ಬೋನಾಳದ ಪಕ್ಕದಲ್ಲೇ, ದಿನಾ ಮನೆಗೆ ಹೋಗಿ ಅವ್ವನ ಕೈ ರೊಟ್ಟಿ. ಆದರೆ ಹನ್ನೊಂದು ತಿಂಗಳಿಗೊಮ್ಮೆ ಜೀವ ಕೈಯಲ್ಲಿ ಹಿಡಿದು ಕೂರಬೇಕು, ಮುಂದುವರಿಸುತ್ತಾರೋ ಇಲ್ಲವೋ ಅಂತ. ಹೈದರಾಬಾದ್ ಅಂದರೆ ಪರ್ಮನೆಂಟ್. ನಿಜವಾದ ಕೆಲಸ ಕಲಿಯಬಹುದು. ಡಾಕ್ಟರ್ ಇರುವ ಕಡೆ ನರ್ಸ್ ಆಗಿರಬಹುದು. ಆದರೆ ಅಲ್ಲಿ ಗುರುತಿನವರು ಒಬ್ಬರೂ ಇಲ್ಲ.

ಎಲ್ಲಿ ಹೋದರೂ ಒರಿಜಿನಲ್ ಬೇಕು. ಧೈರ್ಯ ಮಾಡಿ ಕೇಳಿದೆ. ಸಾಹೇಬರು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಮೂರು ತಿಂಗಳು ನೋಟಿಸ್ ಕೊಡು ಸುಮಂಗಲಾ. ಆಮ್ಯಾಗ ನೋಡೂಣು."

ಮೂರು ತಿಂಗಳಾದ ಮೇಲೆ ಯಾರಿಗೆ ಬೇಕು! ರೂಮಿಗೆ ಬಂದು ದಿಂಬಿಗೆ ಗುದ್ದಿದೆ. ಅಲಮಾರಿ ಬೀಗ ಒಡೆಯುವ ಯೋಚನೆ ಕೂಡ ಬಂತು.

ಮೇ 7, ಬುಧವಾರ

ನಿನ್ನೆಯದು ಬರೆಯಬೇಕು. ಯಾರಿಗೂ ಹೇಳಲಾರೆ, ಇಲ್ಲಾದರೂ...

ಶಿವರಂಜನಿ. ಕೊಂಕಲ್‌ನವಳು. ಇಪ್ಪತ್ತೊಂದು ವರ್ಷ, ಚೊಚ್ಚಲು. ಐದು ಗಂಟೆಗೆ ಹೆರಿಗೆ. ಹೆಣ್ಣು ಕೂಸು, ಚೆನ್ನಾಗಿ ಅತ್ತಿತು. ಸಾಹೇಬರು ಹೊಲಿಗೆ ಹಾಕಿ ಸುರಪುರಕ್ಕೆ ಹೊರಟರು. ಐದೂ ಮುಕ್ಕಾಲಿಗೆ ಸ್ವಲ್ಪ ಬಿಡುವಿತ್ತು. ಕೂತು ಎಂಟು ರೋಗಿಗಳ ಸಂಜೆಯ ಹಾಳೆ ತುಂಬಿ ಮುಗಿಸಿದೆ. ಅವಳದೂ. '6:30, ಡಾಕ್ಟರ್ ನೋಡಿದರು. ರಕ್ತಸ್ರಾವ ಇಲ್ಲ.'

ಆರೂವರೆ ಇನ್ನೂ ಆಗಿರಲೇ ಇಲ್ಲ.

ಆರು ಹತ್ತಕ್ಕೆ ಅವಳ ಅತ್ತೆ ಕೂಗಿದಳು. ಹೊದಿಕೆ ತೆಗೆದು ನೋಡಿದರೆ ಹಾಸಿಗೆ ಪೂರ್ತಿ ನೆನೆದಿತ್ತು. ಆಸ್ಪತ್ರೆಯ ಮೊಬೈಲಿನಿಂದ ಫೋನ್ ಹಚ್ಚಿದೆ. "ಇನ್ನೊಂದು ಇಂಜೆಕ್ಷನ್ ಹಾಕು, ಹೊಟ್ಟಿ ತಿಕ್ಕು, ಬರ್ತೀನಿ" ಅಂದರು. ಹಾಕಿದೆ. ತಿಕ್ಕಿದೆ. ಮತ್ತೆ ಫೋನ್. "ಬರ್ಲಿಕತ್ತೀನಿ." ಮತ್ತೆ ಫೋನ್. ಎತ್ತಲೇ ಇಲ್ಲ. ಮನೆಯಲ್ಲಿದ್ದ ಕುಬ್ರಾ ಆಪಾನನ್ನು ಕರೆಸಿದೆ. ಚಪ್ಪಲಿಯಿಲ್ಲದೆ ಓಡಿ ಬಂದರು. ಆಪಾ ಹೊಟ್ಟೆ ಒತ್ತಿ ಹಿಡಿದರು, ನಾನು ಎರಡೂ ಕೈಗೆ ಸಲೈನ್ ಹಚ್ಚಿದೆ. ಶಿವರಂಜನಿ ನನ್ನ ಮುಖ ನೋಡಿ "ಥಂಡಿ ಆಗ್ಲಿಕತ್ತದ್ರಿ ಅಕ್ಕಾರ" ಅಂದಳು. ಮೇ ತಿಂಗಳಲ್ಲಿ!

ಸಾಹೇಬರು ಬಂದಾಗ ಏಳೂ ಐವತ್ತು. ಅಂಬ್ಯುಲೆನ್ಸಿನಲ್ಲಿ ಕಲಬುರಗಿಗೆ ಕಳಿಸಿದರು. ಜೇವರ್ಗಿ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಆರು ಹತ್ತಕ್ಕೇ ನಾನೇ ಅಂಬ್ಯುಲೆನ್ಸ್ ಕರೆಯಬಹುದಿತ್ತು. ಯಾಕೆ ಕರೆಯಲಿಲ್ಲ? ಸಾಹೇಬರು ಬಯ್ಯುತ್ತಾರೆ ಅಂತ. ಅಷ್ಟೇ. ಬೈಗುಳಕ್ಕೆ ಹೆದರಿ ಕೂತೆ. ಥೂ ನನ್ನ ಜನ್ಮಕ್ಕೆ.

ಇವತ್ತು ಹೋಗಿ ಆ ಹಾಳೆ ಹುಡುಕಿದೆ, ಆ ಸಾಲು ಹೊಡೆದುಹಾಕೋಣ ಅಂತ. ಫೈಲ್ ಸಾಹೇಬರ ಕ್ಯಾಬಿನ್ನಿಗೆ ಹೋಗಿದೆ.

ಮೇ 12, ಸೋಮವಾರ

ನರ್ಸ್‌ಗಳ ದಿನ. ಆಸ್ಪತ್ರೆಯಲ್ಲಿ ಕೇಕ್ ಕತ್ತರಿಸಿದರು. ಸಾಹೇಬರು ಎಲ್ಲರಿಗೂ ಒಂದೊಂದು ಗುಲಾಬಿ ಕೊಟ್ಟರು. ನನಗೆ ಕೊಡುವಾಗ ಹೆಗಲು ತಟ್ಟಿ "ಟೆನ್ಶನ್ ತಗೋಬ್ಯಾಡ" ಅಂದರು.

ಅದೇ ಹೊತ್ತಿಗೆ ಕೌಂಟರ್ ಮುಂದೆ ಶಿವರಂಜನಿಯ ಗಂಡ ಮಲ್ಲು ನಿಂತಿದ್ದ. ಗಡ್ಡ ಬಿಟ್ಟಿದ್ದ. ಜಗಳ ಮಾಡಲು ಬಂದಿರಲಿಲ್ಲ. "ಡಾಕ್ಟರ್ ನೋಡ್ಯಾರಂತ ಕಾಗದದಾಗ ಅದ ಅಂತಾರ್ರಿ. ನಾ ಬಾಗಿಲದಾಗೇ ನಿಂತಿದ್ದೆ, ಯಾರೂ ಬಂದಿಲ್ರಿ" ಅನ್ನುತ್ತಿದ್ದ, ಒಂದೇ ಮಾತು, ಮತ್ತೆ ಮತ್ತೆ. ನನ್ನನ್ನು ನೋಡಿ ಕೈಮುಗಿದ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ತಿಂದ ಕೇಕ್ ಹೊರಗೆ ಬಂತು.

ಊರಲ್ಲಿ ಇವತ್ತು ಬುದ್ಧ ಪೂರ್ಣಿಮೆ. ಬಿಳಿ ಸೀರೆ ಉಟ್ಟು ಬುದ್ಧ ವಿಹಾರಕ್ಕೆ ಹೊರಟ ಫೋಟೋ ಅವ್ವ ಕಳಿಸಿದ್ದಾಳೆ. 'ಬರಲಿಲ್ಲ ಯಾಕ?' ಹೋಗಲಿಲ್ಲ. ಯಾವ ಮುಖ ಹೊತ್ತು ಪಂಚಶೀಲ ಹೇಳಲಿ? 'ಸುಳ್ಳು ಹೇಳುವುದಿಲ್ಲ' ಅನ್ನುವ ಸಾಲು ಬಂದಾಗ ಬಾಯಿ ಮುಚ್ಚಿಕೊಂಡು ನಿಲ್ಲಲೇ?

ಮೇ 15

ಯಾದಗಿರಿಯ ಜಿಲ್ಲಾ ಆರೋಗ್ಯ ಕಚೇರಿಯಿಂದ ಪತ್ರ ಬಂದಿದೆ. ಬಾಣಂತಿ ಸತ್ತರೆ ವಿಚಾರಣೆ ನಡೆಯಲೇಬೇಕಂತೆ. 20ನೇ ತಾರೀಖು ಹನ್ನೊಂದಕ್ಕೆ. ಆ ದಿನ ಡ್ಯೂಟಿಯಲ್ಲಿದ್ದ ನರ್ಸ್ ಹಾಜರಾಗಬೇಕು. ಅಂದರೆ ನಾನು.

ಏನು ಹೇಳಲಿ? ಡಾಕ್ಟರ್ ಬಂದಿದ್ದರು ಅಂದರೆ ಆಮೇಲೆ ಆದದ್ದೆಲ್ಲ ಡ್ಯೂಟಿಯಲ್ಲಿದ್ದವರ ತಪ್ಪು: ರಕ್ತ ಹೋಗುತ್ತಿದ್ದರೂ ತಿಳಿಸಲಿಲ್ಲ ಅಂತ. ಬಂದಿರಲಿಲ್ಲ ಅಂದರೆ, ಹಾಗಾದರೆ ಈ ಸುಳ್ಳು ಬರೆದವರು ಯಾರು? ನಾನು. ರಿಜಿಸ್ಟ್ರೇಷನ್ ಹೋಗುತ್ತದೆ. ಹೈದರಾಬಾದೂ ಇಲ್ಲ, ಸುರಪುರವೂ ಇಲ್ಲ. ಅಪ್ಪ ಕಂಡವರ ಹೊಲದಲ್ಲಿ ದುಡಿದು ಓದಿಸಿದ್ದು ಇದಕ್ಕಾ?

ಊಟ ಸೇರುತ್ತಿಲ್ಲ. ಕೈ ತೊಳೆದದ್ದೇ ತೊಳೆಯುತ್ತಿದ್ದೇನೆ.

ಮೇ 17, ಶನಿವಾರ

ಕೊಟ್ಟುಬಿಟ್ಟರು! ಕೇಳದೇ ಕೊಟ್ಟರು!

ಸಾಹೇಬರು ಕ್ಯಾಬಿನ್ನಿಗೆ ಕರೆದರು. ಟೇಬಲ್ ಮೇಲೆ ನನ್ನ ಪ್ಲಾಸ್ಟಿಕ್ ಫೋಲ್ಡರ್. ಮಾರ್ಕ್ಸ್ ಕಾರ್ಡ್, ಡಿಪ್ಲೊಮಾ, ರಿಜಿಸ್ಟ್ರೇಷನ್, ಎಲ್ಲ ಇವೆ. ಮೇಲೆ ರಿಲೀವಿಂಗ್ ಲೆಟರ್.

"ಹೈದ್ರಾಬಾದಿಗೆ ಹೋಗು. ಚಂದ ಆಗು. ಯಾದಗಿರಿಗೆ ನೀ ಬರೂದು ಬ್ಯಾಡ. ನಿನ್ನ ಯಾರೂ ಕೇಳಂಗಿಲ್ಲ."

ಲೆಟರ್ ಓದಿದೆ. ನಾನು ಕೆಲಸ ಬಿಟ್ಟ ದಿನ: ಏಪ್ರಿಲ್ 30.

ಅಂದರೆ ಶಿವರಂಜನಿ ಸತ್ತ ಮೇ 6ಕ್ಕೆ ನಾನು ಅಲ್ಲಿ ಇರಲೇ ಇಲ್ಲ!

ಸಾಹೇಬರ ಕಾಲು ಮುಟ್ಟಿದೆ. ನಿಜ, ಮುಟ್ಟಿದೆ. ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಒಬ್ಬಳೇ ಅತ್ತೆ. ಎಷ್ಟೋ ದಿನದ ಮೇಲೆ ಹಸಿವಾಯಿತು. ಎರಡು ಪ್ಲೇಟ್ ಮಂಡಕ್ಕಿ ಸುಸ್ಲಾ ತಿಂದೆ.

ಮೇ 18, ಬೋನಾಳ

ಅವ್ವನಿಗೆ ಎಲ್ಲ ಹೇಳಿದೆ. ನಮ್ಮವ್ವ ಲಾಲಮ್ಮ ಸಾಮಾನ್ಯಳಲ್ಲ, ಅರ್ಧ ಕೇಳುವ ಹೊತ್ತಿಗೇ ನನ್ನ ಬಟ್ಟೆ ಮಡಿಚಿ ಬ್ಯಾಗಿಗೆ ತುಂಬತೊಡಗಿದಳು.

"ಹೊಂಡು ನೀ. ಹಿಂದ ಹೊಳ್ಳಿ ನೋಡಬ್ಯಾಡ. ದೊಡ್ಡವರು ದೊಡ್ಡವರು ಏನರ ಮಾಡ್ಕೊಳ್ಳಿ. ನಮ್ಮಂಥವರ ಕೂಸು ಸಿಕ್ಕರ ಬಿಡ್ತಾರೇನು?"

ಅಪ್ಪ ಕಟ್ಟೆಯ ಮೇಲೆ ಬೀಡಿ ಹಚ್ಚದೆ ಕೂತಿದ್ದ. ಒಂದೇ ಮಾತು ಕೇಳಿದ.

"ನೀ ಇರಲಿಲ್ಲ ಅಂದ್ರ, ಅವತ್ತು ಅಲ್ಲಿ ಇದ್ದವರು ಯಾರಂತ ಬರದಾರವ್ವಾ?"

ಅವ್ವ ಅವನ ಮೇಲೆ ಹರಿಹಾಯ್ದಳು. "ಮಗಳು ಉಳದಾಳ ಅಂತ ಖುಷಿ ಪಡು. ಬಂದ ಬಿಟ್ಟ ದೊಡ್ಡ ವಕೀಲ!"

ಉತ್ತರ ನನಗೆ ಗೊತ್ತಿತ್ತು. ಲೆಟರ್ ಕೈಗೆ ಬಂದಾಗಲೇ ಗೊತ್ತಿತ್ತು. ಅವತ್ತು ವಾರ್ಡಿನಲ್ಲಿದ್ದವರು ಇಬ್ಬರೇ. ಆದರೂ ಎರಡು ಪ್ಲೇಟ್ ಸುಸ್ಲಾ ಗಂಟಲಲ್ಲಿ ಇಳಿಯಿತಲ್ಲ, ಹೇಗೆ ಇಳಿಯಿತು?

ಆಪಾಗೆ ಫೋನ್ ಮಾಡಬೇಕು. ಹೈದರಾಬಾದ್ ಮುಟ್ಟಿದ ಮೇಲೆ ಮಾಡೋಣ.

ಮೇ 19, ಸೋಮವಾರ. ಯಾದಗಿರಿ ಸ್ಟೇಷನ್. 11:20

ಗಾಡಿ ನಲವತ್ತು ನಿಮಿಷ ಲೇಟ್. ಬಿಸಿಲು ಉರಿಯುತ್ತಿದೆ. ಫೋಲ್ಡರನ್ನು ಎದೆಗೆ ಅವಚಿಕೊಂಡು ಕೂತಿದ್ದೇನೆ.

ನಾಳೆ ಇಷ್ಟೊತ್ತಿಗೆ ಜಾಯಿನ್ ಆಗಿರುತ್ತೇನೆ. ಹೊಸ ಯೂನಿಫಾರ್ಮ್, ಹೊಸ ಐಡಿ ಕಾರ್ಡ್. ಡಾಕ್ಟರ್ ಬಂದು ನೋಡಿದ ಮೇಲೆ ಡಾಕ್ಟರೇ ಬರೆಯುತ್ತಾರೆ. ಇದನ್ನೇ ಹತ್ತು ಸಲ ಹೇಳಿಕೊಂಡೆ.

11:45

ಆಪಾ ಫೋನ್ ಮಾಡಿದ್ದರು. ನಾನು ಮಾಡಲಿಲ್ಲ, ಅವರೇ ಮಾಡಿದರು.

"ಗಾಡಿ ಬಂತೇನವಾ? ಉಂಡೀಯಿಲ್ಲ? ಅಲ್ಲಿ ನೀರು ಕಾಸಿ ಕುಡಿ."

ಹೂಂ ಅಂದೆ.

"ನಾಳೆ ನಾನೂ ಯಾದಗಿರಿಗೆ ಬರಾಕತ್ತೀನಿ. ಸಾಹೇಬ್ರು ಕಾರಿನ್ಯಾಗ ಕರ್ಕೊಂಡು ಹೋಗ್ತಾರಂತ. ಅವತ್ತು ಡ್ಯೂಟಿ ನಂದೇ ಇತ್ತು ಅಂತ ಹೇಳು, ಅಷ್ಟ ಸಾಕು ಅಂದಾರ. ನಿನಗ ನೌಕರಿ ಸಿಕ್ಕದ, ನಡುವ ಅಡ್ಡಿ ಆಗಬಾರದು ಅಂದ್ರು. ನಾ ಹೂಂ ಅಂದೆ. ನನ್ನ ಮಗಳಿದ್ದಂಗ ನೀನು."

ಎದೆಗೆ ಅವಚಿದ್ದ ಫೋಲ್ಡರನ್ನು ಬೆಂಚಿನ ಮೇಲಿಟ್ಟೆ.

"ಆ ಕೊಂಕಲ್ ಹುಡುಗಿ ಹಾಳಿಮ್ಯಾಗ ಸಹಿನೂ ತಗೊಂಡಾರ. ಉರ್ದುದಾಗ ಮಾಡೀನಿ. ಆದ್ರ ಸುಮಂಗಲಾ, ನನಗ ಇಂಗ್ಲಿಷ್ ಓದಾಕ ಬರಂಗಿಲ್ಲ. ನಾಳೆ ಕೇಳಿದ್ರ ತಪ್ಪು ಹೇಳಬಾರದಲ್ಲ. ಅದರಾಗ ನಾ ಏನ್ ಬರದೀನಿ, ನೀನೇ ಹೇಳವಾ."

ಸಿಗ್ನಲ್ ಇಲ್ಲ ಆಪಾ, ಮತ್ತೆ ಮಾಡುತ್ತೇನೆ ಅಂದು ಕಟ್ ಮಾಡಿದೆ. ಸಿಗ್ನಲ್ ಇತ್ತು.

12:05

ಗಾಡಿ ಬಂದಿದೆ. ಜನ ನುಗ್ಗುತ್ತಿದ್ದಾರೆ. ಎರಡು ನಿಮಿಷ ನಿಲ್ಲುತ್ತದೆ. ಆಪಾನ ನಂಬರ್ ಒತ್ತಿದ್ದೇನೆ, ರಿಂಗ್ ಆಗುತ್ತಿದೆ. ಏನು ಹೇಳಬೇಕು ಅಂತ ಇಲ್ಲೇ ಮೊದಲು ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಬಾಯಿ ತಿರುಗಿಬಿಡುತ್ತದೆ. ಆಪಾ, ಅದರಲ್ಲಿ ನೀವು ಏನೂ ಬರೆದಿಲ್ಲ. ಬರೆದವಳು —