ಬೇಡಕಿಹಾಳದ ಚಪ್ಪಲಿ

೫ ಅಕ್ಟೋಬರ್, ರವಿವಾರ

ಇವತ್ತೂ ಕರೋಶಿ ರಸ್ತೆ. ಯಾರೂ ನೋಡಬಾರದೆಂದು ಕತ್ತಲಲ್ಲೇ ಓಡಿದೆ. ಹಾಲಿನ ಗಾಡಿಯವನು ನೋಡಿದ. ನಾಯಿ ಬೆನ್ನಟ್ಟಿದೆಯೆಂದು ಇಳಿದು ಕಲ್ಲೆತ್ತಿಕೊಂಡ. ನಾಯಿ ಇರಲಿಲ್ಲ. ಥ್ಯಾಂಕ್ಸ್ ಹೇಳಿ ಇನ್ನೂ ಜೋರಾಗಿ ಓಡಿದೆ.

ನಿನ್ನೆ ರಾವಸಾಹೇಬ ಕಾಕಾನ ಡಯಾಲಿಸಿಸ್. ಚಿಕ್ಕೋಡಿಯಿಂದ ಬಸ್ಸಿನಲ್ಲಿ ನಿಂತೇ ಬಂದರು. ಅವರಂಥವರನ್ನು ಕರೆದೊಯ್ಯಲು ಒಂದು ವ್ಯಾನ್ ಬೇಕು; ಅದಕ್ಕೇ ತಿಂಗಳ ಕೊನೆಗೆ ನಿಪ್ಪಾಣಿಯಿಂದ ಚಿಕ್ಕೋಡಿಗೆ ಈ ಮ್ಯಾರಥಾನ್. ಓಡುವವರೇ ದೇಣಿಗೆ ಕೇಳಿ ತರಬೇಕು. ಎಂ.ಎ. ಕನ್ನಡ ಮಾಡಿದ್ದೇನೆ... ಒಬ್ಬರನ್ನೂ ಕೇಳಲು ಬಾಯಿ ಬರುತ್ತಿಲ್ಲ.

೨೨ ಅಕ್ಟೋಬರ್, ದೀಪಾವಳಿ ಪಾಡ್ಯ

ದ್ರಾಕ್ಷಿ ತೋಟದ ಅಣ್ಣಾಸಾಬ ಹಬ್ಬದ ಫರಾಳ ತಿನ್ನಲು ಬಂದಿದ್ದರು. ನನ್ನ ಪರವಾಗಿ ಕಾಕಾನೇ ದೇಣಿಗೆ ಕೇಳಿದರು. ಅಣ್ಣಾಸಾಬ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಪೂರಾ ಮುಗಿಸ್ಲಿ, ರಾವಸಾಹೇಬ. ವ್ಯಾನಿಗೆ ಕಡಿಮಿ ಬಿದ್ದದ್ದೆಲ್ಲಾ ನಾ ಹಾಕತೀನಿ. ನಡುವ ಗಾಡಿ ಹತ್ತಿದ್ಲಂದ್ರ ಚಾದ ರೊಕ್ಕಾನೂ ಇಲ್ಲ ನೋಡು."

ಚಕ್ಕುಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

೨೬ ಅಕ್ಟೋಬರ್, ರವಿವಾರ, ಸಂಜೆ

ನಿಪ್ಪಾಣಿಯಲ್ಲಿ ಎಲ್ಲರ ಜೊತೆ ಹೊರಟೆ. ಬೇಡಕಿಹಾಳ ಮುಟ್ಟುವಾಗ ಕಟ್ಟಕಡೆಯವಳು. ಹಿಂದೆ, ಸುಸ್ತಾದವರನ್ನು ಹತ್ತಿಸಿಕೊಳ್ಳುವ ಗಾಡಿ. ಮೀನಖಂಡ ಹಿಡಿದಿತ್ತು. ಕೈ ಎತ್ತಿದೆ. ಬಾಗಿಲು ತೆರೆದರು.

ಅಷ್ಟರಲ್ಲಿ ಒಬ್ಬ ಮುದುಕಿ ಕೊಡ ತಂದು ನನ್ನ ಬೂಟಿನ ಮೇಲೆ ನೀರು ಸುರಿದಳು. ಕಾಲು ಮುಟ್ಟಿ ನಮಸ್ಕರಿಸಿದಳು. ನನ್ನ ಮೈಮೇಲೆ ಕೇಸರಿ ಟೀಶರ್ಟು, ಏಕಾದಶಿ ಹತ್ತಿರ — ಪಂಢರಪುರಕ್ಕೆ ನಡೆದು ಹೋಗುವ ದಿಂಡಿಯಿಂದ ಹಿಂದೆ ಉಳಿದವಳೆಂದು ತಿಳಿದಿದ್ದಳು.

"ನನ್ನ ಮೊಣಕಾಲ ಹೋಗ್ಯಾವ್ರಿ ತಾಯಿ. ನನ್ನ ನಮಸ್ಕಾರನೂ ಅಷ್ಟ ಒಯ್ರಿ."

ನಿಜ ಹೇಳಬೇಕಿತ್ತು. ಅವಳೆದುರು ಗಾಡಿ ಹತ್ತುವುದು ಹೇಗೆ? ಬಾಗಿಲು ನಾನೇ ಮುಚ್ಚಿದೆ.

ಒದ್ದೆ ಬೂಟು ಸ್ವಲ್ಪ ದೂರದಲ್ಲೇ ಹಿಮ್ಮಡಿ ಸುಲಿಯಿತು. ಬಿಚ್ಚಿ ಕೈಯಲ್ಲಿ ಹಿಡಿದೆ. ಹಿಂದಿನಿಂದ ಮುದುಕಿ ಕೂಗಿದಳು. ಕುಂಟುತ್ತ ಬಂದು ತನ್ನ ಅಥಣಿ ಚಪ್ಪಲಿ ಬಿಟ್ಟುಕೊಟ್ಟಳು. ಉಳಿದ ದಾರಿಯೆಲ್ಲ ಅದರಲ್ಲೇ. ಬಹಳಷ್ಟು ನಡೆದೇ.

ಚಿಕ್ಕೋಡಿಯಲ್ಲಿ ಓಟ ಮುಗಿಯುವ ಕಮಾನು ಬಿಚ್ಚುತ್ತಿದ್ದರು. ಕಾಕಾ ಕುರ್ಚಿಯಲ್ಲಿ. ಅವರ ತಲೆಯ ಮೇಲೆ ಕೊಡೆ ಹಿಡಿದು ಅಣ್ಣಾಸಾಬ ಬಿಸಿಲಲ್ಲಿ ನಿಂತಿದ್ದರು. ನನ್ನ ಕಾಲು ನೋಡಿದರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

೯ ನವೆಂಬರ್

ಬೇಡಕಿಹಾಳಕ್ಕೆ ಹೋಗಿದ್ದೆ. ಮುದುಕಿಯ ಹೆಸರು ರುಕ್ಮವ್ವ. ಚಪ್ಪಲಿ ಮುಂದಿಟ್ಟು ನಿಜ ಹೇಳಿದೆ. ಸೆರಗು ಬಾಯಿಗೆ ಹಿಡಿದು ನಕ್ಕಳು.

"ಮತ್ತ ನಾನೂ ಅಂದೆ, ಇದೆಂಥಾ ದಿಂಡಿಬೇ, ತಾಳ ಇಲ್ಲ, ಎದಿ ಮ್ಯಾಲ ನಂಬರ ಐತಿ ಅಂತ. ಹಂಗಾರ ನನ್ನ ನಮಸ್ಕಾರ ಎಲ್ಲಿಟ್ಟಿ?"

"ನನ್ನ ಕಡೇನ ಐತ್ರಿ, ಆಯಿ."

ಚಪ್ಪಲಿಯನ್ನು ನನ್ನತ್ತ ಸರಿಸಿದಳು. "ಹಂಗಾರ ಇವೂ ಇರ್ಲಿ."

೧೩ ಡಿಸೆಂಬರ್, ಬೆಳಿಗ್ಗೆ

ವ್ಯಾನಿನ ಮೊದಲ ದಿನ. ಇಸ್ತ್ರಿ ಅಂಗಿ ತೊಟ್ಟು ಕಾಕಾ ಆಗಲೇ ಕಟ್ಟೆಯ ಮೇಲೆ. ಕೈಯಲ್ಲಿ ಟವೆಲ್ — ಬಸ್ಸಿನ ಕಿಟಕಿಯಿಂದ ಸೀಟಿಗೆ ಎಸೆಯುವ ಅದೇ ಟವೆಲ್. ಬೇಡ ಎನ್ನಲು ಮನಸ್ಸಾಗಲಿಲ್ಲ. ನಾನೂ ಜೊತೆಗೆ ಹೋಗುತ್ತೇನೆ.

ಹಾರ್ನ್. ವ್ಯಾನಿನೊಳಗಿಂದ ಕಾಕಾ.

"ಲಗೂನ ಬಾ ನೀಲಮ, ನಿನಗೂ ಸೀಟ ಹಿಡದೇನಿ."

ರುಕ್ಮವ್ವನ ಚಪ್ಪಲಿ ಇಲ್ಲೇ ಹೊಸ್ತಿಲ ಹತ್ತಿರ. ಅವನ್ನೇ ಮೆಟ್ಟಿಕೊಂಡು—